ಡಿಕ್ಕಿಯೊಳಗಿನ ಅಪ್ಪನ ಡಬ್ಬ

ಕೋಪ ನನಗೆ ಮೂಗಿನ ತುದೀಲೇ ಇರುತ್ತೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅಪ್ಪ ತನ್ನ ಮೈಕ್ ಸೆಟ್ಟನ್ನ ಗುಜರಿಗೆ ಹಾಕ್ತೀನಿ ಅಂದಾಗ ನಾನು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕ್ತಿದ್ದೆ. ಕೈಲಿದ್ದ ಸೊಪ್ಪನ್ನ ಅಲ್ಲೇ ಬಿಟ್ಟು ಆಚೆ ಬಂದೆ.

"ಈ ಬೆಳೆ ಕಳೀಲಿ ಕಣವ್ವ. ಮುಂದಿನ ಬೆಳೆ ಗೂಡು ಬಿಡಿಸೋ ದಿನ ಗುಜರಿಯವನು ಬತ್ತಾನೆ. ನಿಂಗೂ ಒಸಿ ಜಾಗ ಆಯ್ತದೆ," ಅಂದ.

"ಜಾಗ ಯಾರು ಕೇಳಿದ್ರು ನಿನ್ನ?" ಅಂತ ಕಿರುಚಿದೆ. ಕಿರುಚಿದ್ದು ಕೋಪಕ್ಕೂ ಹೌದು, ಅಪ್ಪನಿಗೆ ಕೇಳಿಸಲಿ ಅಂತಾನೂ ಹೌದು.

ಗುಡೇಮಾರನಹಳ್ಳಿ ಸುತ್ತಮುತ್ತ ನಮ್ಮಪ್ಪನ ಮೈಕ್ ಸೆಟ್ ಇಲ್ಲದೆ ಮದುವೆ ನಡೀತಿರಲಿಲ್ಲ. ನಲವತ್ತು ವರ್ಷ ಹಾರ್ನ್ ಕೆಳಗೇ ಕೂತು ಕೂತು ಕಿವಿ ಹೋಯ್ತು. ಎರಡು ವರ್ಷದ ಹಿಂದೆ ಒಂದು ಆರತಕ್ಷತೇಲಿ ಮೈಕು ಕುಂಯ್ಯೋ ಅಂತ ಅರಚಿಕೊಳ್ತಿದೆ, ಜನ ಎಲ್ಲ ಕಿವಿ ಮುಚ್ಚಿಕೊಂಡಿದಾರೆ, ಅಪ್ಪನಿಗೆ ಮಾತ್ರ ಗೊತ್ತೇ ಆಗಿಲ್ಲ. ಯಾರೋ ನಕ್ಕರು. ಅವತ್ತೇ ವೈರು ಸುತ್ತಿದ. ವಾರದೊಳಗೆ ಸಾಮಾನು ಸಮೇತ ಮರಳವಾಡಿ ಹತ್ತಿರದ ನಮ್ಮನೆಗೆ ಬಂದ. ಅವ್ವ ಇಲ್ಲ, ನಾನೊಬ್ಬಳೇ ಮಗಳು. ಸಾಮಾನಿನ ಮೇಲೆ ಟಾರ್ಪಾಲು ಹೊದಿಸಿದವನು ಮಾತೂ ಕಮ್ಮಿ ಮಾಡಿದ. ನನ್ನ ಬೈಯೋದನ್ನೂ ಬಿಟ್ಟ. ಅದೇ ನನಗೆ ತಡೆಯೋಕೆ ಆಗದೆ ಇದ್ದದ್ದು. ಆ ಸಾಮಾನು ಗುಜರಿಗೆ ಹೋದ್ರೆ ಅಪ್ಪನೂ ಅರ್ಧ ಹೋದ ಹಾಗೆ ಅಂತ ನನಗೆ ಭಯ ಹತ್ತಿತು.

ಉಪಾಯ ಹೊಳೆದದ್ದು ಕಲ್ಲು ಕ್ವಾರಿಯಿಂದ. ಒಂದು ಮಧ್ಯಾಹ್ನ ಕನಕಪುರದ ಕಡೆ ಬಂಡೆ ಸಿಡಿಸಿದ್ರು. ದೂರದ ಸದ್ದು, ನಾವ್ಯಾರೂ ಗಮನಿಸಲಿಲ್ಲ. ಜಗಲಿ ಮೇಲಿದ್ದ ಅಪ್ಪ ತಲೆ ಎತ್ತಿ, "ಬಂಡೆ ಸಿಡೀತು," ಅಂದ. ಅಲ್ಲಾ, ಸಣ್ಣ ದನಿ ಕಿವಿಗೆ ಬೀಳದಿದ್ರೂ ದಪ್ಪ ದನಿ ಮೈಗೆ ತಾಕುತ್ತೆ! ಹಾಗಾದ್ರೆ ತಮಟೆ ತಾಕಲ್ವಾ?

ನಮ್ಮದೊಂದು ಹಳೇ ಕಾರು. ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ನಾನೇ ಓಡಿಸಿಕೊಂಡು ಹೋಗ್ತೀನಿ. ಅದರ ಡಿಕ್ಕೀಲಿ ಅಪ್ಪನ ಒಂದು ಸ್ಪೀಕರ್ ಡಬ್ಬವನ್ನ ಹಿಂದಿನ ಸೀಟಿಗೆ ಒತ್ತಿ ಕೂರಿಸಿದ್ರೆ, ಸೀಟಲ್ಲಿ ಕೂತವನ ಬೆನ್ನಿಗೇ ತಮಟೆ ಬಡೀಬೇಕು. ಆದ್ರೆ ಗೂಡಿನ ಕ್ರೇಟಿಗೂ ಅದೇ ಡಿಕ್ಕಿ ಬೇಕಲ್ಲ. ಅದಕ್ಕೇ ಮಾರ್ಕೆಟ್ ದಿನ ಕಳಚಿ ಇಡೋ ಹಂಗಿರಬೇಕು ಅಂತ ತೀರ್ಮಾನ ಮಾಡಿದೆ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಅಂದ್ರು ನಮ್ಮನೆಯವರು. "ಕಾರಿನ ಬಾಗ್ಲೇ ಸರಿಯಾಗಿ ಮುಚ್ಚಲ್ಲ, ವೂಫರ್ ಬೇಕೇನಮ್ಮಿ ಅದಕ್ಕೆ?"

"ಬಾಗ್ಲು ನೀವು ನೋಡ್ಕಳಿ. ಇದು ನಂದು," ಅಂದೆ.

ಬೆಸುಗೆ ಹಾಕೋದನ್ನ ಲಂಗ ಹಾಕೋ ವಯಸ್ಸಿಗೇ ಅಪ್ಪನ ಪಕ್ಕ ಕೂತು ಕಲಿತವಳು ನಾನು. ಟಾರ್ಪಾಲಿನ ಕೆಳಗಿಂದ ಒಂದು ಡಬ್ಬ, ಒಂದು ಆಂಪ್ಲಿಫೈಯರ್ ಎಳೆದೆ. ಆಟೋ ಪ್ರಚಾರಕ್ಕೆ ಇಟ್ಟಿದ್ದದ್ದು, ಕಾರಿನ ಬ್ಯಾಟರಿಗೇ ಓಡುತ್ತೆ. ಡಬ್ಬ ಉದ್ದ ಜಾಸ್ತಿ ಇತ್ತು, ಅರ್ಧಕ್ಕೆ ಕುಯ್ದೆ. ಮೊದಲ ಸಲ ಸೊಟ್ಟ ಬಂತು, ಮತ್ತೆ ಕುಯ್ದೆ. ಬೆರಳು ತರಚಿತು, ಬಟ್ಟೆ ಸುತ್ತಿಕೊಂಡು ಮುಂದುವರಿಸಿದೆ. ದಪ್ಪ ದನಿ ಗಟ್ಟಿಯಾಗಿ ಬರೋಕೆ ಡಬ್ಬ ಉಸಿರಾಡಬೇಕು, ಗಾಳಿ ಆಡೋಕೆ ಒಂದು ಕೊಳವೆ ಬೇಕಿತ್ತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯೋ ಸಾಬರೊಬ್ಬರ ಹತ್ತಿರ ಹೋದೆ. ಅವರು ಮರದ ತುಂಡನ್ನ ತಿರುಗಿಸಿ, ಕೊರೆದು, ಕೊನೆಗೆ ಅರಗಿನ ಕಡ್ಡಿ ಒತ್ತಿ ಕೆಂಪು ಬಣ್ಣ ಏರಿಸಿದ್ರು.

"ಡಿಕ್ಕಿಯೊಳಗೆ ಇರೋದಕ್ಕೆ ಬಣ್ಣ ಯಾಕಣ್ಣ?"

"ಬಣ್ಣ ಇಲ್ದೆ ನಮ್ ಕೈಯಿಂದ ಏನೂ ಆಚೆ ಹೋಗಲ್ಲಕ್ಕ," ಅಂದ್ರು.

ಇನ್ನು ಒಳಗೆ ತುಂಬೋದು. ಸದ್ದು ಒಳಗೇ ಮೊಳಗದಿರಲಿ ಅಂತ ಅಪ್ಪ ಆಗೆಲ್ಲ ಡಬ್ಬಕ್ಕೆ ಹತ್ತಿ ತುಂಬ್ತಿದ್ದ. ಅಷ್ಟರಲ್ಲಿ ನಮ್ಮ ಬೆಳೆ ಗೂಡು ಇಳಿದಿತ್ತು. ರೇಷ್ಮೆಯೋರ ಮನೇಲಿ ಹತ್ತಿ ಯಾಕೆ ಕೊಳ್ಳೋದು ಅಂತ ಜಂಬ ನನಗೆ. ಗೂಡಿನ ಮೇಲಿನ ಹೊರನೂಲು, ಅದರ ಜೊತೆಗೆ ಮಾರ್ಕೆಟ್ಟಿಗೆ ಆಗದ, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು, ತೆಳು ಗೂಡು, ಎಲ್ಲಾ ತುರುಕಿ ಸ್ಕ್ರೂ ಬಿಗಿದೆ. ಕೆಳಗೆ ನಾಲ್ಕು ಬೋಲ್ಟು, ಕೈಯಲ್ಲೇ ತಿರುಗಿಸೋ ನಟ್ಟು, ಒಂದು ಪ್ಲಗ್ಗು. ಅಷ್ಟೇ, ಎರಡು ನಿಮಿಷದಲ್ಲಿ ಡಬ್ಬ ಕೈಗೆ ಬರುತ್ತೆ.

ಆಮೇಲೆ ಒಂದು ವಾರ ಮೆತ್ತಗಿನ ಮಾತು, ಗದರಿಕೆ, ಎಲ್ಲಾ ಆಯ್ತು. ಅಪ್ಪ ಕಾರು ಹತ್ತಲ್ಲ ಅಂದ. ಕೊನೆಗೆ ಕನ್ನಡಕ ರಿಪೇರಿಗೆ ಅಂತ ಸುಳ್ಳು ಹೇಳಿ ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಕನಕಪುರದ ದಾರಿ ಹಿಡಿದೆ. ಊರು ದಾಟಿದ ಮೇಲೆ ಫೋನಿಂದ ತಮಟೆ ಹಾಕಿದೆ. ತಮಟೆ ಬಂತು, ಜೊತೆಗೆ ಪಟ ಪಟ ಪಟ ಅಂತ ಒಂದು ಹಾಳು ಸದ್ದು. ಥೂ, ಇಷ್ಟು ಪಾಡು ಪಟ್ಟಿದ್ದು ಇದಕ್ಕಾ? ಕಣ್ಣಲ್ಲಿ ನೀರೇ ಬಂತು. ಕನ್ನಡೀಲಿ ನೋಡಿದ್ರೆ ಅಪ್ಪ ತಿರುಗಿ ಕೂತಿದಾನೆ, ಅಂಗೈ ಸೀಟಿನ ಬೆನ್ನಿಗೆ ಅಂಟಿದೆ.

"ನಿಲ್ಸು. ಒಳಗೆ ಏನೋ ಒದ್ದಾಡ್ತೈತೆ."

"ಕೇಳಿಸ್ತಾ ನಿಂಗೆ?" ಅಂತ ಕೂಗಿದೆ.

"ಕೇಳ್ಸಲ್ಲ ಕಣವ್ವ, ಕೈಗೆ ತಾಕ್ತೈತೆ. ಡಬ್ಬ ಇಳ್ಸು."

ಹೊಂಗೆ ಮರದ ಕೆಳಗೆ ನಿಲ್ಲಿಸಿ ಇಳಿಸಿದೆ. ಅಪ್ಪ ಜೇಬಿಂದ ಸ್ಕ್ರೂಡ್ರೈವರ್ ತೆಗೆದ. ಎರಡು ವರ್ಷ ಕೆಲಸ ಮುಟ್ಟದವನ ಜೇಬಲ್ಲಿ ಸ್ಕ್ರೂಡ್ರೈವರ್! ಸ್ಪೀಕರ್ ಎತ್ತಿದ ತಕ್ಷಣ ಬಿಳೀ ಚಿಟ್ಟೆಗಳು ರೆಕ್ಕೆ ಬಡೀತಾ ತೆವಳಿಕೊಂಡು ಆಚೆ ಬಂದ್ವು. ನಾನು ತುಂಬಿದ್ದ ಗೂಡೆಲ್ಲ ಒಡೆದು ಚಿಟ್ಟೆಯಾಗಿ, ಜೋಡಿ ಕಟ್ಟಿ, ಸ್ಪೀಕರಿನ ಕಾಗದದ ಬೆನ್ನ ಮೇಲೆ ಗಸಗಸೆ ಹಂಗೆ ಮೊಟ್ಟೆ ಇಟ್ಟುಬಿಟ್ಟಿದ್ವು.

ಅಪ್ಪ ಒಂದು ಗಳಿಗೆ ನೋಡಿದ. ಆಮೇಲೆ ಶುರು ಮಾಡಿದ ನೋಡಿ. "ಥೂ ನಿನ್ನ! ಹಸಿ ಗೂಡು ತುಂಬಿದ್ರೆ ಚಿಟ್ಟೆ ಆಚೆ ಬರಾಕಿಲ್ವೇನೇ? ಇಷ್ಟು ವರ್ಷದಿಂದ ಹುಳ ಸಾಕ್ತಿದೀಯ, ತಲೇಲಿ ಏನೈತೆ, ಸಗಣಿಯಾ? ಈ ಬೆಸುಗೆ ಯಾರು ಹಾಕಿದ್ದು? ಹಿಂಗಾ ನಾನು ಹೇಳ್ಕೊಟ್ಟಿದ್ದು?" ರಸ್ತೇಲಿ ಹೋಗೋರು ತಿರುಗಿ ನೋಡಿದ್ರು. ನಾನು ಮಾತಿಗೆ ಮಾತು ಕೊಡೋಳು, ಅವತ್ತು ಸುಮ್ಮನೆ ನಿಂತು ಬೈಸಿಕೊಂಡೆ. ಅಷ್ಟು ಖುಷಿ ನನಗೆ ಮದುವೆ ದಿನಾನೂ ಆಗಿರಲಿಲ್ಲ.

ಉಗುರಿನ ತುದೀಲಿ ಒಂದೊಂದೇ ಮೊಟ್ಟೆ ಕೆರೆದ. ಗೂಡೆಲ್ಲ ಆರಿಸಿ ಬಿಸಾಕಿ, ಹೊರನೂಲು ಮಾತ್ರ ಹರವಿ ಮುಚ್ಚಿದ. ಮತ್ತೆ ತಮಟೆ ಹಾಕಿದೆ. ಅಪ್ಪ ಬೆನ್ನು ಒರಗಿಸಿ ಕೂತ. ತೊಡೆ ಮೇಲೆ ಬೆರಳು ಆಡೋಕೆ ಶುರುವಾಯ್ತು.

"ಒಬ್ಬ ತಾಳ ತಪ್ತಾವ್ನೆ," ಅಂದ.

ಮತ್ತೆ ಹಾಕಿ ಕೇಳಿದೆ. ಹೌದು, ಒಬ್ಬ ತಪ್ತಿದ್ದ.

ಮುಂದಿನ ಬೆಳೆ ಗೂಡು ಬಿಡಿಸಿದ ದಿನ ಗುಜರಿಯವನು ಹೇಳಿದಂಗೇ ಟೆಂಪೋ ತಂದ. ಅವತ್ತೇ ಮಾರ್ಕೆಟ್ಟಿಗೂ ಹೋಗಬೇಕು, ಡಬ್ಬ ಕಳಚೋಣ ಅಂತ ಡಿಕ್ಕಿ ತೆಗೆದ್ರೆ ಅಪ್ಪ ಆಗಲೇ ಹಿಂದಿನ ಸೀಟಲ್ಲಿ ಕೂತಿದ್ದಾನೆ, ಒಗೆದ ಅಂಗಿ ಹಾಕ್ಕೊಂಡು.

"ಗುಜರಿ ಇಲ್ಲ ಹೋಗಯ್ಯ, ಇನ್ನೂ ಕೆಲಸ ಐತೆ ಅದ್ರಲ್ಲಿ," ಅಂದ ಅವನಿಗೆ. ಅವನು ಗೊಣಗಿಕೊಂಡು ತಿರುಗಿದಾಗ ಮತ್ತೆ ಕರೆದ. "ಲೇ, ಟೆಂಪೋ ಹೆಂಗೂ ಖಾಲಿ ಐತಲ್ಲ, ನಮ್ ಗೂಡಿನ ಕ್ರೇಟು ರಾಮನಗರಕ್ಕೆ ಬುಡು. ನಮ್ ಕಾರಲ್ಲಿ ಜಾಗ ಇಲ್ಲ."

ಎರಡು ನಿಮಿಷದಲ್ಲಿ ಕಳಚೋ ಹಂಗೆ ಅಷ್ಟು ಕಷ್ಟಪಟ್ಟು ಮಾಡಿದ್ದೆ. ಅಪ್ಪ ಕಳಚೋಕೇ ಬಿಡಲಿಲ್ಲ.