ಭಾವನ ಕೈ ತಪ್ಪು ಮಾಡಿರಲಿಲ್ಲ

ಭಾವ, ನಿಟ್ಟೂರಿನ ಆ ಬಸ್ಸಿನ ಪಂಪು ಹಾಳು ಮಾಡಿದ್ದು ನಿಮ್ಮ ಕೈಯಲ್ಲ — ನಾನು. ನಾನು ಬೆರೆಸಿದ ಡೀಸೆಲ್.

ಎಪ್ಪತ್ತರ ದಶಕದ ಕೊನೆ. ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಗುಬ್ಬಿಯ ಪೆಟ್ರೋಲ್ ಬಂಕೊಂದರಲ್ಲಿ ಮ್ಯಾನೇಜರ್ ಆಗಿದ್ದೆ. ಅದೇ ರಸ್ತೆಯಲ್ಲಿ ನಿಮ್ಮ ಅಂಗಡಿ. ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪುಗಳ ರಿಪೇರಿಗೆ ನಿಮ್ಮ ಹೆಸರೇ ಹೆಸರು. ಅಕ್ಕನ ಗಂಡ ಎಂದು ಹೇಳಿಕೊಂಡು ಬೀಗುತ್ತಿದ್ದೆ.

ಬಂಕಿನ ಯಜಮಾನ ಡೀಸೆಲ್‌ಗೆ ಸೀಮೆಎಣ್ಣೆ ಸುರಿಸುತ್ತಿದ್ದ. ಸೀಮೆಎಣ್ಣೆ ಹಗುರ, ಬೆರೆಸಿದರೆ ಎಣ್ಣೆಯ ತೂಕ ಅಳೆಯುವ ಹೈಡ್ರೋಮೀಟರ್ ಆಳಕ್ಕಿಳಿದು ಕಳ್ಳತನ ಬಯಲಾಗುತ್ತದೆ. ಅದಕ್ಕೆ ಉಪಾಯ ಹೇಳಿಕೊಟ್ಟವನು ನಾನು. ಲಾರಿಗಳಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಭಾರ. ಬಟ್ಟೆಯಲ್ಲಿ ಸೋಸಿ, ಬಣ್ಣ ಕೆಡದಷ್ಟು ಸೇರಿಸಿದರೆ ತೂಕ ಸರಿಹೋಗುತ್ತದೆ ಎಂದೆ. ಸರಿಹೋಯಿತು. ಯಜಮಾನ ಬೆನ್ನು ತಟ್ಟಿದ. ಅಷ್ಟಕ್ಕೇ ಉಬ್ಬಿಹೋದೆ, ಥೂ!

ಡೀಸೆಲ್ ಬರೀ ಉರಿಯುವ ಎಣ್ಣೆಯಲ್ಲ, ಪಂಪಿನೊಳಗೆ ಸವೆತ ತಡೆಯುವ ಜಿಡ್ಡೂ ಅದೇ. ಸೀಮೆಎಣ್ಣೆಯಲ್ಲಿ ಆ ಜಿಡ್ಡಿಲ್ಲ. ಹಳೇ ಆಯಿಲ್‌ನಲ್ಲಿ ಬಟ್ಟೆಗೂ ಸಿಗದ ಕಬ್ಬಿಣದ ಪುಡಿ. ಇದೂ ನನಗೆ ಗೊತ್ತಿತ್ತು, ಭಾವ. ಗೊತ್ತಿದ್ದೂ —

ನಿಟ್ಟೂರಿನ ಬಸ್ಸಿಗೆ ನೀವು ಹೊಸದಾಗಿ ಬಿಗಿದುಕೊಟ್ಟ ಪಂಪು ನಮ್ಮ ಬಂಕಿನ ಡೀಸೆಲ್‌ಗೆ ಸವೆದು ಹಿಡಿದುಕೊಂಡಿತು. ಮತ್ತೆ ಬಿಚ್ಚಿ ಜೋಡಿಸಿದಿರಿ, ಮತ್ತೆ ಅದೇ ಕಥೆ. ಬಸ್ಸಿನ ಮಾಲೀಕ ನಿಮ್ಮನ್ನು ಬಂಕಿಗೆ ಕರೆತಂದು, ಡೀಸೆಲ್ ಪರೀಕ್ಷೆ ಮಾಡಿ ತೋರಿಸು ಅಂದ. ಗಾಜಿನ ಜಾಡಿಗೆ ಸುರಿದು ಹೈಡ್ರೋಮೀಟರ್ ಬಿಟ್ಟೆ. ಅದು ನನಗೆ ಬೇಕಾದ ಗೆರೆಗೇ ನಿಂತಿತು.

"ಡೀಸೆಲ್‌ನಲ್ಲಿ ಏನೂ ದೋಷ ಇಲ್ಲ," ಅಂದೆ. ನಿಮ್ಮ ಮುಖ ನೋಡಲಿಲ್ಲ.

ನೀವು ಜಗಳಕ್ಕೆ ನಿಲ್ಲಲಿಲ್ಲ. ಕೈ ಒರೆಸಿಕೊಳ್ಳುತ್ತಾ, "ನೀನು ಓದಿದೋನು ಕಣಪ್ಪ. ನೀನೇ ಹೇಳಿದ್ ಮ್ಯಾಲೆ ನನ್ ಕೈದೇ ತಪ್ಪಿರ್ಬೇಕು ಬುಡು," ಅಂದಿರಿ.

ಆಮೇಲೆ ಗಿರಾಕಿಗಳು ತಲೆ ಹಾಕಲಿಲ್ಲ. ಅಂಗಡಿ ಮುಚ್ಚಿ ಕುಣಿಗಲ್‌ಗೆ ಹೋದಿರಿ — ಯಾರದೋ ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆಯುವ ಕೆಲಸಕ್ಕೆ. ನಾನು ಬಂಕಿನಲ್ಲೇ ಉಳಿದೆ, ಮರ್ಯಾದಸ್ಥನ ಹಾಗೆ.

ಮೊನ್ನೆ ನಿಮ್ಮ ಮನೆಗೆ ಬಂದಾಗ ಸ್ಟವ್‌ನ ತೂತು ಕಟ್ಟಿಕೊಂಡಿತ್ತು. ಪಿನ್ ಆಡಿಸಿದರೆ ಮುಗಿಯುವ ಕೆಲಸ. ನೀವು ಮುಟ್ಟಲಿಲ್ಲ. ಇವರ ಕೈ ಸರಿಯಿಲ್ಲವಂತೆ ಎಂದು ಗೊಣಗುತ್ತಾ ಅಕ್ಕ ಅದನ್ನು ರಿಪೇರಿಯವನ ಹತ್ತಿರ ಹೊತ್ತೊಯ್ದಳು. ಅವಳು ಬಂದು ಕಾಫಿ ಮಾಡಲಿ ಎಂದು ನಿಮ್ಮೆದುರು ಕೂತಿದ್ದೆನಲ್ಲ — ಮನೆಯಲ್ಲಿ ನಾವಿಬ್ಬರೇ — ಆಗಲೂ ಬಾಯಿ ಬಿಡಲಿಲ್ಲ.

ಈ ಭಾನುವಾರ ಬರುತ್ತೇನೆ. ಅಕ್ಕನ ಎದುರಿಗೇ ಹೇಳುತ್ತೇನೆ. ಆಮೇಲೆ ನಿಟ್ಟೂರಿಗೆ ಹೋಗಿ ಬಸ್ಸಿನ ಮಾಲೀಕನಿಗೂ ಹೇಳುತ್ತೇನೆ. ಯಾರು ಕೆನ್ನೆಗೆ ಹೊಡೆದರೂ ಹೊಡೆಸಿಕೊಳ್ಳುತ್ತೇನೆ. ಆದರೆ ನೀವು ಹೊಡೆಯುವವರಲ್ಲ, "ಹೋಗ್ಲಿ ಬುಡು" ಅಂದುಬಿಡುತ್ತೀರಿ.

ಹಾಗನ್ನಬೇಡಿ, ಭಾವ.