ಹರಿಗೋಲಿಗೆ ಬಲಗಡೆ ಯಾವುದು?

ನಮ್ಮಂಥ ನಾಲ್ಕೈದು ನಿವೃತ್ತ ಗೆಳೆಯರಿಗೆ ಗುರುವಾರದ ಸಂಜೆಯೆಂದರೆ ಕೊಟ್ಟೂರು ಕೆರೆಯಲ್ಲಿ ಹಾಯಿ ಪಂದ್ಯ. ಮೀನುಗಾರರಿಂದ ಕೇಳಿ ತಂದ ದುಂಡನೆಯ ಹರಿಗೋಲು, ಅದಕ್ಕೊಂದು ಬಿದಿರು, ಬಿದಿರಿಗೊಂದು ಹಳೇ ಪಂಚೆ. ಆಚೆ ದಡದ ಜಾಲಿಮರ ಮೊದಲು ಮುಟ್ಟಿದವರು ಗೆದ್ದಂತೆ. ಇಷ್ಟು ಸುಖವಾಗಿದ್ದ ಆಟಕ್ಕೆ ಒಬ್ಬ ಎಂಜಿನಿಯರು ಬಂದು ಸೇರಿಕೊಂಡರು. ಫೈಬರ್ ದೋಣಿ, ಕೊರಳಲ್ಲಿ ಸೀಟಿ, ಕೈಯಲ್ಲಿ ನಿಯಮಗಳ ಪುಸ್ತಕ! ಫೋನಿನಲ್ಲಿ ನೋಡಿ ಕಲಿತ ವಿದ್ಯೆಗೆ ಇಷ್ಟು ಗತ್ತು ಬೇಕೇ?

"ನಾನು ಗೆದ್ರ ನೀವು ಈ ಬುಟ್ಟಿ ಆಟ ಬಿಡಬೇಕು ನೋಡ್ರಿ," ಎಂದರು. ಒಪ್ಪಿದೆವು.

ಪಂದ್ಯ ಶುರುವಾಗಿ, ಕೆರೆಯ ನಡುವೆ ಎರಡೂ ದೋಣಿಗಳು ಹತ್ತಿರ ಬಂದವು. ಎಂಜಿನಿಯರು ಸೀಟಿ ಊದಿ, "ಗಾಳಿ ಯಾರ ಬಲಗಡಿಂದ ಬೀಸ್ತೈತಿ, ಅವರಿಗೆ ದಾರಿ ಬಿಡಬೇಕ್ರಿ! ನಿಮಗ ಯಾವ ಕಡಿಂದ ಐತಿ?" ಎಂದು ಕೂಗಿದರು.

ನಮ್ಮ ಹರಿಗೋಲು ಬುಗುರಿಯಂತೆ ತಿರುಗುತ್ತಿತ್ತು. ನನ್ನ ಜೊತೆಗಿದ್ದ ಬಸಣ್ಣ, "ಈಗ ಎಡಕ್ಕೈತ್ರಿ. ಒಂಚೂರು ತಡೀರಿ, ಬಲಕ್ಕ ಬಂತು. ಅಯ್ಯೋ, ಹೋತು!" ಎಂದ.

ಪುಣ್ಯಾತ್ಮರು ಪುಸ್ತಕ ತೆರೆದು ದುಂಡು ದೋಣಿಯ ನಿಯಮ ಹುಡುಕತೊಡಗಿದರು. ಅಷ್ಟರಲ್ಲಿ ಅವರ ದೋಣಿ ಜೊಂಡಿಗೆ ಸಿಕ್ಕಿಕೊಂಡಿತು. ಅಲ್ಲಿ ಮಲಗಿದ್ದ ಎಮ್ಮೆಗೂ ಸೀಟಿ ಊದಿದರು. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ. ನಾವು ಗಿರಗಿರ ತಿರುಗುತ್ತಲೇ ಜಾಲಿಮರ ಮುಟ್ಟಿದೆವು. ನಿಜ ಹೇಳಬೇಕೆಂದರೆ ಗಾಳಿಯೇ ನಮ್ಮನ್ನು ಒಯ್ದದ್ದು. ಅದನ್ನು ಎಂಜಿನಿಯರಿಗೆ ಹೇಳುವವರಾರು?

ಮುಂದಿನ ಗುರುವಾರ ಅವರು ನಮ್ಮ ಹರಿಗೋಲಿಗೇ ಹತ್ತಿದರು, ಪುಸ್ತಕವನ್ನೂ ತಂದಿದ್ದರು. ತಳ ಒದ್ದೆಯಾಗಿತ್ತು, ಆ ಪುಸ್ತಕವನ್ನೇ ಹಾಸಿಕೊಂಡು ಕೂತರು.