ಹದಿನಾಲ್ಕು ಮೊಳದ ಮುತ್ಯಾ

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಫೋನನ್ನು ನನ್ನ ಮೂಗಿಗೆ ತಾಗುವ ಹಾಗೆ ಹಿಡಿದಳು. ಅದರಲ್ಲೊಂದು ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಪಕ್ಕದಲ್ಲಿ ನಿಂತ ಗಂಡಸರು ಅದರ ಮುಂದೆ ಮಣ್ಣಿನ ಗೊಂಬೆಗಳ ಹಾಗೆ ಕಾಣುತ್ತಿದ್ದರು.

"ಅಜ್ಜೀ, ಇದು ಉಪ್ಪುನೀರಿನ ಮೊಸಳಿ. ಇಪ್ಪತ್ತು ಅಡಿ ಬೆಳೀತಾವಂತ. ಎಪ್ಪತ್ತು ವರ್ಷ ಬದುಕ್ತಾವಂತ, ನಿನ್ನಂಗ!"

"ನಂಗಿನ್ನಾ ಎಪ್ಪತ್ತಾಗಿಲ್ಲ, ಬಾಯಿ ಮುಚ್ಚು" ಎಂದೆ. ಆದರೆ ಬೆರಳು ಎಣಿಸಿದೆ. ಇಪ್ಪತ್ತು ಅಡಿ ಎಂದರೆ ಹದಿಮೂರು ಮೊಳಕ್ಕೆ ಚೂರು ಮೇಲೆ. ಮತ್ತೊಮ್ಮೆ ಎಣಿಸಿದೆ.

ಯಾಕೆಂದರೆ, ಹದಿನಾಲ್ಕು ಮೊಳದ ಮೊಸಳೆಯ ಕತೆಯನ್ನು ಈ ಹುಡುಗಿ ನನ್ನ ಬಾಯಿಂದಲೇ ಎಷ್ಟೋ ಸಲ ಕೇಳಿ ಬೆಳೆದಿದ್ದಾಳೆ. ಅದರಲ್ಲಿ ಮೊಸಳೆಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ನೀವೇನೂ ನಮ್ಮೂರಿನವರಲ್ಲವಲ್ಲ.

ನಾನು ಮಾನ್ವಿ ಕಡೆಯ ಬಾಗಲವಾಡದವಳು. ಮೂರನೆತ್ತೆ ಪಾಸಾದೆ, ನಾಲ್ಕನೆತ್ತೆಯ ಪುಸ್ತಕ ತರುವ ಮೊದಲೇ ಸಾಲಿ ಬಿಡಿಸಿದರು. ನಮ್ಮ ಕಡೆ ನೀರೆಂದರೆ ಕಾಲುವೆ. ಅದರಲ್ಲಿ ಕಪ್ಪೆಗಿಂತ ದೊಡ್ಡದು ಏನೂ ಇರಲಿಲ್ಲ. ಮದುವೆ ಮಾಡಿ ಕೊಟ್ಟದ್ದು ದೇವದುರ್ಗದಾಚೆ, ಕೃಷ್ಣಾ ನದಿಯ ದಂಡೆಯ ಊರಿಗೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೋದ ಮರುದಿನ ನೀರಿಗೆ ಹೋದರೆ, ಮರಳಿನ ಮೇಲೆ ಒಂದು ಮರದ ದಿಮ್ಮಿ ಬಿದ್ದಿದೆ. ಕೊಡ ಅದಕ್ಕೆ ಆನಿಸಿ ಇಡೋಣ ಎಂದು ನಾಲ್ಕು ಹೆಜ್ಜೆ ಹೋದೆ. ದಿಮ್ಮಿ ಕಣ್ಣು ತೆರೆಯಿತು.

ಕೊಡ ಅಲ್ಲೇ ಬಿತ್ತು, ನಾನು ಮನೆಗೆ ಬಿದ್ದೆ. ಅತ್ತೆ ಒಲೆ ಮುಂದಿನಿಂದ ಎದ್ದೂ ಬರಲಿಲ್ಲ.

"ಬಾಲ ಮೊಂಡು ಇತ್ತೇನ್ ಬೇ?"

"ನಾ ಎಲ್ಲಿ ಬಾಲ ನೋಡ್ಲಿ ಯತ್ತಿ!"

"ಮೊಂಡು ಇದ್ರ ಅವ ಮುತ್ಯಾ. ನಾ ಸೊಸಿಯಾಗಿ ಬಂದಾಗೂ ಅಲ್ಲೇ ಬಿದ್ದಿದ್ದ. ನಮ್ಮತ್ತಿ ಬಂದಾಗೂ ಇದ್ನಂತ. ಹೋಗು, ಕೊಡ ತೊಗೊಂಬಾ."

ಮುತ್ಯಾ ಎಂದರೆ ನಮ್ಮಲ್ಲಿ ಅಜ್ಜ. ಆ ಊರಿನಲ್ಲಿ ಮೊಸಳೆಯ ವಯಸ್ಸನ್ನು ವರ್ಷದಲ್ಲಿ ಎಣಿಸುತ್ತಿರಲಿಲ್ಲ, ಸೊಸೆಯರಲ್ಲಿ ಎಣಿಸುತ್ತಿದ್ದರು. ನಮ್ಮ ಮನೆಯ ಲೆಕ್ಕದಲ್ಲಿ ಅದಕ್ಕೆ ಮೂರು ಸೊಸೆಯರ ಆಯುಷ್ಯ, ಮೂರನೆಯವಳು ನಾನು. ನಿಜಾಮನ ಕಾಲದ ಒಬ್ಬ ಜವಾನನನ್ನು ಕುದುರೆ ಸಮೇತ ನುಂಗಿದೆ ಎಂದೂ ಹೇಳುತ್ತಿದ್ದರು. ಕುದುರೆಯ ಮಾತು ನಾನು ಆಗಲೂ ನಂಬಲಿಲ್ಲ.

ಬೇಸಿಗೆಯಲ್ಲಿ ಹೊಳೆ ಇಳಿದು ಮರಳು ಬಯಲಾದಾಗ ಹೆಂಗಸರು ಅಲ್ಲಿ ಗುಣಿ ತೋಡಿ, ಗೊಬ್ಬರ ಹಾಕಿ ಸೌತೆಬಳ್ಳಿ ಹಬ್ಬಿಸುತ್ತಿದ್ದರು. ಮೂರನೇ ವರ್ಷ ನನಗೂ ಒಂದು ತುಂಡು ಸಿಕ್ಕಿತು. ಮನೆ ಅತ್ತೆಯದು, ಹೊಲ ಗಂಡನದು, ಎಮ್ಮೆ ಮಾವನದು. ನನ್ನದು ಅಂತ ಇದ್ದದ್ದು ಆ ಮರಳು, ಅದೂ ಮಳೆ ಬರುವ ತನಕ. ಆ ಬಳ್ಳಿಗಳ ಮೇಲೆ ನನಗಿದ್ದ ಆಸೆ ಗಂಡನ ಮೇಲೂ ಇರಲಿಲ್ಲ; ಅವರು ಈಗಿಲ್ಲ, ಇದ್ದಿದ್ದರೂ ಇದನ್ನೇ ಹೇಳುತ್ತಿದ್ದೆ.

ಮುತ್ಯಾ ಬಂದು ನನ್ನ ಬಳ್ಳಿಯ ಮೇಲೆಯೇ ಮಲಗತೊಡಗಿತು. ದಂಡೆಯುದ್ದಕ್ಕೂ ಮರಳು ಬಿದ್ದಿತ್ತು, ಅದಕ್ಕೆ ನನ್ನದೇ ಬೇಕು. ಅದೇ ಹೊತ್ತಿಗೆ ಯಾರದೋ ಎಮ್ಮೆಕರು ಹೊಳೆಯಲ್ಲಿ ಕಾಣೆಯಾಯಿತು. ಮೊಸಳೆ ಕೊಲ್ಲಿಸಿ ಎಂದು ಎಲ್ಲರಿಗಿಂತ ಜೋರಾಗಿ ಬಾಯಿ ಮಾಡಿದವಳು ನಾನೇ. ನಮ್ಮ ಯಜಮಾನರು ಸಿರವಾರದ ತನಕ ಹೋಗಿ ಬಂದೂಕಿನವನೊಬ್ಬನನ್ನು ಗೊತ್ತು ಮಾಡಿ ಬಂದರು. ಸೋಮವಾರ ಬರುತ್ತೇನೆ ಎಂದಿದ್ದ.

ಭಾನುವಾರ ಬೆಳಿಗ್ಗೆ ಬೇಲಿಗೆ ಗೂಟ ಹೊಡೆಯುತ್ತಿದ್ದೆ. ಗೂಟ ಮೆತ್ತಗೆ ಇಳಿಯಿತು. ಕಿತ್ತು ನೋಡಿದರೆ ತುದಿಯಲ್ಲಿ ಲೋಳೆ. ಕೈಯಿಂದ ಮರಳು ಸರಿಸಿದೆ. ಬೆಳ್ಳಗೆ, ಉದ್ದುದ್ದ, ಕೋಳಿಯದಕ್ಕಿಂತ ದೊಡ್ಡ ಮೊಟ್ಟೆಗಳು, ಒಂದರ ಮೇಲೊಂದು. ಒಂದು ನನ್ನ ಗೂಟಕ್ಕೆ ಒಡೆದಿತ್ತು. ತಲೆ ಎತ್ತಿದರೆ ನೀರಿನಲ್ಲಿ ಎರಡು ಕಣ್ಣು. ಬರುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ. ಮರಳು ಮುಚ್ಚಿ ಹಿಂದಕ್ಕೆ ಹಿಂದಕ್ಕೆ ನಡೆದು ಬಂದೆ.

"ಯತ್ತೀ, ನಿಮ್ಮ ಮುತ್ಯಾ ಮೊಟ್ಟಿ ಇಟ್ಟಾನ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆ ಮನೆಯಲ್ಲಿ ಅದು ಮಳೆ ನಿಂತ ಹಾಗೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಷ್ಟು ವರ್ಷ ಗಂಡಸು ಅಂದ್ಕೊಂಡು ಸೆರಗು ಹೊದ್ದು ಓಡಾಡೀನಲ್ಲೇ ಅದರ ಮುಂದ!"

ನಕ್ಕು ಮುಗಿದ ಮೇಲೆ ಇಬ್ಬರಿಗೂ ಸೋಮವಾರ ನೆನಪಾಯಿತು. ನಾಳೆ ಬಂದೂಕು ಬರುತ್ತದೆ. ನನಗೆ ಕರುಣೆ ಬಂತು ಅಂತ ತಿಳಿಯಬೇಡಿ. ನಾನು ಯೋಚಿಸಿದ್ದು ಬೇರೆ. ಪ್ರತಿ ವರ್ಷ ಹೊಳೆ ದಾಟಿಸುವ ಹರಗೋಲಿನವರು ದಂಡೆಗೆ ಬಂದು ಹೆಂಗಸರ ಸೌತೆಕಾಯಿ ಹರಿದು ತಿನ್ನುತ್ತಿದ್ದರು. ಈ ವರ್ಷ ಅಕ್ಕಪಕ್ಕದ ಬಳ್ಳಿಗಳೆಲ್ಲಾ ಬೋಳಾಗಿದ್ದವು, ನನ್ನದರಲ್ಲಿ ಒಂದು ಹೀಚೂ ಹೋಗಿರಲಿಲ್ಲ. ಮುತ್ಯಾ ಆಗಿದ್ದ ಆಕೆ ಹಾಳು ಮಾಡಿದ್ದು ಎರಡು ಬಳ್ಳಿ, ಕಾದದ್ದು ಇಪ್ಪತ್ತು. ಮೇಲಾಗಿ ಬಂದೂಕಿನವನ ಹಿಂದೆ ಊರಿಗೆ ಊರೇ ಬಂದು ತುಳಿದರೆ ಉಳಿಯುವುದೇನು? ಒಂದು ಮೊಟ್ಟೆ ಒಡೆದ ಋಣವೂ ಇತ್ತು ಅನ್ನಿ. ಇರಲಿ.

"ಬ್ಯಾಡ ಅಂದ್ರ ಗಂಡಸ್ರು ಕೇಳಂಗಿಲ್ಲ" ಎಂದಳು ಅತ್ತೆ. "ಮೊಟ್ಟಿ ಅದಾವಂದ್ರ ಅವನ್ನೂ ಒಡೀತಾರ. ಬಂದೂಕು ಸಣ್ಣದು ಮಾಡಾಕ ನಮ್ಮ ಕೈಲಿ ಆಗಂಗಿಲ್ಲ. ಮೊಸಳಿ ದೊಡ್ಡದು ಮಾಡು."

ಸೋಮವಾರ ಆತ ಬಂದ. ದೊಡ್ಡ ಮೀಸೆ, ಸಣ್ಣ ಕಾಲು. ಊರ ಗಂಡಸರೆಲ್ಲಾ ದಂಡೆಯ ಮೇಲೆ ಸಾಲಾಗಿ ನಿಂತರು. ಮೊಸಳೆ ನೀರಿಗೆ ಜಾರಿತ್ತು. ಮರಳಿನ ಮೇಲೆ ಅದು ಮಲಗಿದ್ದ ಅಚ್ಚು ಮಾತ್ರ ಹಸಿಯಾಗಿ ಬಿದ್ದಿತ್ತು.

"ಎಷ್ಟು ಮೊಳ ಅದ ನೋಡ್ರಿ ಮೊದ್ಲು" ಎಂದ ಬಂದೂಕಿನವನು.

ಅಳೆಯಲು ಎಲ್ಲರ ಬಳಿಯೂ ಹಗ್ಗವಿತ್ತು, ಇಳಿಯಲು ಯಾರ ಬಳಿಯೂ ಕಾಲಿರಲಿಲ್ಲ. ಕೊನೆಗೆ ನಮ್ಮ ಯಜಮಾನರೇ, "ಬಳ್ಳಿ ಅಕಿವು, ಅಕಿನಾ ಇಳೀಲಿ" ಎಂದರು. ನೋಡಿ, ಎಂಥ ಗಂಡ!

ಅತ್ತೆ ಒಗೆದು ಹರವಿದ್ದ ತನ್ನ ಹದಿನಾರು ಮೊಳದ ಸೀರೆಯನ್ನು ಸರಿಯಾಗಿ ಅರ್ಧಕ್ಕೆ ಮಡಚಿ ನನ್ನ ಕೈಗೆ ಕೊಟ್ಟಳು. ಇಳಿದೆ. ನೀರಿನ ಕಡೆ ಒಂದು ಕಣ್ಣಿಟ್ಟು, ಸೀರೆಯ ಮಡಿಕೆಯನ್ನು ಮೂತಿಯ ಗುರುತಿಗೆ ಇಟ್ಟು, ಬಾಲದ ತುದಿ ಬಂದಲ್ಲಿ ಎರಡು ಪದರಿಗೂ ಒಂದೊಂದು ಗಂಟು ಹಾಕಿದೆ. ಮೇಲಿನಿಂದ ನೋಡುವವರಿಗೆ ಅದೊಂದೇ ಪದರು. ದಂಡೆಗೆ ಬಂದು ಸೀರೆ ಬಿಚ್ಚಿ, "ಈ ಗಂಟಿನಿಂದ ಆ ಗಂಟಿಗೆ ಅಳ್ಕೊಳ್ರಿ" ಎಂದೆ.

ಬಂದೂಕಿನವನು ತನ್ನ ಮೊಳಕೈಯಿಂದಲೇ ಅಳೆದ. ಎಂಟಕ್ಕೆ ಕೆಮ್ಮಿದ. ಹನ್ನೊಂದಕ್ಕೆ ಮೀಸೆ ಒರೆಸಿಕೊಂಡ. ಹದಿನಾಲ್ಕಕ್ಕೆ ಗಂಟು ಸಿಕ್ಕಿತು.

"ಬಾಲ ಎಳದ ಗುರುತನ್ನೂ ಸೇರಿಸಿಯೇನಬೇ ಯವ್ವಾ?"

"ಇಳದು ನೀವಾ ನೋಡ್ರಿ. ನಾ ಸೀರಿ ಹಿಡಕೊಂತೀನಿ."

ಆತ ಹೊಳೆಯ ಕಡೆ ತಿರುಗಿದ. ಆಮೇಲೆ ಚಪ್ಪಲಿ ಬಿಟ್ಟು ಕೈ ಮುಗಿದ. "ಇದು ಮೊಸಳಿ ಅಲ್ರೀ, ದೇವ್ರು. ದೇವ್ರ ಮ್ಯಾಲ ನಾ ಗುಂಡು ಹಾರ್ಸಂಗಿಲ್ಲ" ಎಂದು ಒಂದು ತೆಂಗಿನಕಾಯಿ ಒಡೆಸಿ ಬಸ್ಸಿಗೆ ಹೋದ.

ಮೊಟ್ಟೆ ಒಡೆದು ಮರಿಗಳು ಹೊಳೆ ಸೇರಿದವು. ನನ್ನ ಸೌತೆಕಾಯಿ ಕೊನೆಯದರ ತನಕ ನನ್ನ ಬುಟ್ಟಿಗೇ ಬಂದವು. ಆದರೆ ಹೇಳಿದ ಸುಳ್ಳು ನಮ್ಮ ಕೈಯಲ್ಲಿ ಉಳಿಯಲಿಲ್ಲ. ಆಮೇಲೆ ಯಾರಾದರೂ ಆ ಮೊಂಡು ಬಾಲದ್ದನ್ನು ಕಂಡರೆ, "ಇದು ಸಣ್ಣದು, ಮುತ್ಯಾನ ಮಗ, ಮುತ್ಯಾ ಮಡುವಿನ್ಯಾಗ ಅದಾನ" ಎನ್ನುತ್ತಿದ್ದರು. ಎದುರಿಗಿದ್ದದ್ದಕ್ಕೆ ಮರ್ಯಾದೆ ಹೋಯಿತು, ಇಲ್ಲದಿದ್ದದ್ದಕ್ಕೆ ತೆಂಗಿನಕಾಯಿ ಒಡೆಯತೊಡಗಿದರು. ಇನ್ನೊಂದು ನಾಚಿಕೆಗೇಡು ಹೇಳಲೇ? ಎರಡು ವರ್ಷದಲ್ಲಿ ನಾನೇ ನೀರಿಗೆ ಇಳಿಯುವಾಗ ಹದಿನಾಲ್ಕು ಮೊಳದ್ದು ಎಲ್ಲಿದೆ ಎಂದು ಹೆದರಿ ನೋಡುತ್ತಿದ್ದೆ. ಅತ್ತೆ ಸಾಯುವ ಮುಂಚೆ ಕೂಡ ಗುಟ್ಟು ಬಿಡಲಿಲ್ಲ. ನನ್ನ ಕಿವಿಯಲ್ಲಿ, "ಅಕಿ ಇನ್ನಾ ಅದಾಳೇನ್ ಬೇ?" ಎಂದು ಮಾತ್ರ ಕೇಳಿದಳು. ಇದ್ದಾಳೆ ಎಂದೆ. ಅದು ಸುಳ್ಳಲ್ಲ.

ಈಗ ಈ ರಾಯಚೂರಿನ ಮನೆಯಲ್ಲಿ, ಫೋನಿನೊಳಗೆ, ನನ್ನ ಸುಳ್ಳು ಉಸಿರಾಡುತ್ತಾ ಬಿದ್ದಿತ್ತು. ಎಲ್ಲೋ ಸಮುದ್ರದ ಕಡೆ ಅಷ್ಟು ದೊಡ್ಡದು ನಿಜವಾಗಿಯೂ ಇದೆ. ಅಂದ ಮೇಲೆ ನಾನಿನ್ನು ಅದನ್ನು ಹೊತ್ತು ತಿರುಗುವುದೇಕೆ? ಮೊಮ್ಮಗಳಿಗೆ ಎಲ್ಲ ಹೇಳಿಬಿಟ್ಟೆ.

ಅವಳ ಮುಖ ಸಪ್ಪಗಾಯಿತು. "ಬರೇ ಏಳು ಮೊಳಾನಾ ಅಜ್ಜಿ? ಇಷ್ಟು ವರ್ಷ ಗೆಳತ್ಯಾರ ಮುಂದ ಏನೇನು ಹೇಳೀನಿ ನಾನು!"

"ಬರೇ ಏಳು?" ನಾನು ಎದ್ದು ಪೆಟ್ಟಿಗೆಯಿಂದ ಒಂದು ಸೀರೆ ತಂದೆ. ಈ ಸಲ ಮಡಿಕೆ ಹಾಕಲಿಲ್ಲ. ಟೀವಿಯ ಬುಡದಿಂದ ಹಾಸುತ್ತಾ ಏಳು ಮೊಳ ಎಣಿಸಿದೆ. ಸೋಫಾದ ಮುಂದೆ ಹಾಯ್ದು ಅಡುಗೆಮನೆಯ ಹೊಸ್ತಿಲಿಗೆ ಎರಡು ಹೆಜ್ಜೆ ಬಾಕಿ ಇರುವಲ್ಲಿ ನಿಂತಿತು.

"ಅಲ್ಲಿ ಟೀವಿ ಕಡೆ ಮೂತಿ, ಇಲ್ಲಿ ಬಾಲ. ನಾನು ನಿಂತದ್ದು ಇಲ್ಲಿ."

ಹುಡುಗಿ ಸೀರೆಯನ್ನು ಆ ತುದಿಯಿಂದ ಈ ತುದಿಯ ತನಕ ನೋಡಿದಳು. ಎರಡೂ ಕಾಲನ್ನು ಸೋಫಾದ ಮೇಲಕ್ಕೆ ಎಳೆದುಕೊಂಡಳು.

ಚಹಾದ ಹೊತ್ತಾಗಿತ್ತು. ಸೀರೆ ಅಲ್ಲೇ ಬಿಟ್ಟು ಅಡುಗೆಮನೆಗೆ ಹೊರಟೆ. ಒಂದು ಹೆಜ್ಜೆ ಎತ್ತಿಟ್ಟರೆ ದಾಟಬಹುದಿತ್ತು. ದಾಟಲಿಲ್ಲ, ಬಾಲದ ಕಡೆಯಿಂದ ಸುತ್ತಿಕೊಂಡು ಹೋದೆ.